ಡಿಸ್ಕ್ ಕೆಟ್ಟಿಲ್ಲ, ಸಿನಿಮಾ ಇರೋದೇ ಹಾಗೆ

ಪ್ರಶ್ನೆ: ಫ್ರಿಟ್ಜ್ ಲ್ಯಾಂಗ್ ಅವರ 1931ರ ಜರ್ಮನ್ ಚಿತ್ರ ‘ಎಂ’ನ ಬ್ಲೂ-ರೇಯನ್ನು ಅಮೆರಿಕದಲ್ಲಿರುವ ತಮ್ಮನ ಕೈಲಿ ತರಿಸಿಕೊಂಡೆ. ನಮ್ಮ ಮನೆಯ ಪ್ಲೇಯರ್‌ನಲ್ಲಿ ಓಡಲೇ ಇಲ್ಲ. ಗೆಳೆಯನ ಮನೆಯಲ್ಲಿ ಓಡಿತು, ಆದರೆ ತಕರಾರು ಒಂದೆರಡಲ್ಲ. ಚಿತ್ರ ಹೆಚ್ಚುಕಡಿಮೆ ಚೌಕವಾಗಿದೆ, ಟಿವಿಯ ಎರಡೂ ಪಕ್ಕ ಕಪ್ಪು. ಅಲ್ಲಲ್ಲಿ ಸದ್ದು ಪೂರ್ತಿ ನಿಂತುಹೋಗಿ ಆಮೇಲೆ ತಾನಾಗಿಯೇ ಬರುತ್ತದೆ. ಪುಸ್ತಕದಲ್ಲಿ ಚಿತ್ರದ ಅವಧಿ 117 ನಿಮಿಷ ಎಂದು ಓದಿದ್ದೆ, ಈ ಡಿಸ್ಕಿನಲ್ಲಿ ಇರುವುದು 110. ಹತ್ತು ವರ್ಷದ ಹಿಂದೆ ಫುಟ್‌ಪಾತಿನಲ್ಲಿ ಕೊಂಡ ಡಿವಿಡಿಯೊಂದಿದೆ. ಅದು 99 ನಿಮಿಷ, ಆದರೆ ಅದರಲ್ಲಿ ಸದ್ದು ಎಲ್ಲೂ ನಿಲ್ಲುವುದಿಲ್ಲ. ಹೊಸ ಡಿಸ್ಕನ್ನು ವಾಪಸ್ ಕಳಿಸಲೇ?
(ಓದುಗರು, ಬೆಳಗಾವಿ)

ಕಳಿಸಬೇಡಿ. ನೀವು ಹೇಳಿದ್ದರಲ್ಲಿ ಚೌಕದ ಆಕಾರ ಮತ್ತು ನಿಂತುಹೋಗುವ ಸದ್ದು ತೊಂದರೆಗಳೇ ಅಲ್ಲ. ಏಳು ನಿಮಿಷದ ಕೊರತೆ ನಿಜ, ಆದರೆ ಅದನ್ನು ತುಂಬಿಕೊಡಬಲ್ಲ ಅಂಗಡಿ ಪ್ರಪಂಚದಲ್ಲಿ ಇಲ್ಲ. ಕೆಟ್ಟ ಸರಕು ಯಾವುದು ಅಂತ ಕೇಳಿದರೆ, ಸದ್ದು ಎಲ್ಲೂ ನಿಲ್ಲದ ನಿಮ್ಮ ಆ ಹಳೆಯ ಡಿವಿಡಿಯನ್ನೇ ತೋರಿಸುತ್ತೇನೆ.

ಹೀಗೆ ಮೋಸಹೋದವರಲ್ಲಿ ನೀವು ಮೊದಲಿಗರಲ್ಲ. ನಾನು ಈ ಚಿತ್ರವನ್ನು ಮೊದಲು ನೋಡಿದ್ದು ಒಂದು ಫಿಲ್ಮ್ ಸೊಸೈಟಿಯ ಹೆಂಚಿನ ಹಾಲ್‌ನಲ್ಲಿ, ಗೀರು ತುಂಬಿದ 16 ಮಿ.ಮೀ. ಪ್ರತಿಯಲ್ಲಿ. ರಾತ್ರಿ ಪೊಲೀಸರು ದಾಳಿಗೆ ಬರುವ ಜಾಗ ಬಂತು. ಬೀದಿ ತುಂಬ ಪೊಲೀಸರು ನಡೆದು ಬರುತ್ತಿದ್ದಾರೆ, ಹಾಲ್‌ನಲ್ಲಿ ಪ್ರೊಜೆಕ್ಟರಿನ ಕಟಕಟ ಬಿಟ್ಟರೆ ಏನೂ ಇಲ್ಲ. ಹಿಂದಿನ ಬೆಂಚಿನಿಂದ ‘ಸೌಂಡ್! ಸೌಂಡ್!’ ಎಂದು ಕೂಗೆದ್ದಿತು. ಪ್ರೊಜೆಕ್ಟರ್ ನಡೆಸುತ್ತಿದ್ದ ಹಿರಿಯರು ಆಂಪ್ಲಿಫೈಯರ್ ತಲೆಗೆ ಎರಡು ಏಟು ಹಾಕಿದರು, ಹಿಂದೆ ಕೈಯಾಡಿಸಿ ವೈರನ್ನು ಕಿತ್ತು ಮತ್ತೆ ಸಿಕ್ಕಿಸಿದರು. ಅಷ್ಟು ಹೊತ್ತಿಗೆ ಸರಿಯಾಗಿ ಸದ್ದು ಬಂತು. ‘ಲೂಸ್ ಕಾಂಟ್ಯಾಕ್ಟು’ ಅಂದರು ಅವರು, ಬಲು ಹೆಮ್ಮೆಯಿಂದ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆ ಸದ್ದು ಅಲ್ಲಿಗೆ ಬರಬೇಕೆಂದು 1931ರಲ್ಲೇ ಗೊತ್ತುಮಾಡಿದ್ದವರು ಲ್ಯಾಂಗ್ ಅನ್ನುವುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಮೊದಲು ಸದ್ದಿನ ವಿಷಯ ಮುಗಿಸೋಣ, ಈ ಚಿತ್ರದ ಜೀವ ಇರುವುದೇ ಅಲ್ಲಿ. ಮಕ್ಕಳನ್ನು ಕೊಲ್ಲುವವನೊಬ್ಬನನ್ನು ಒಂದು ಕಡೆ ಪೊಲೀಸರು, ಇನ್ನೊಂದು ಕಡೆ ಕಳ್ಳರು ಹುಡುಕುವ ಕಥೆ ಇದು. ‘ಎಂ’ ಬರ್ಲಿನ್ನಿನ ಊಫಾ-ಪಾಲಾಸ್ಟ್ ಆಮ್ ಝೂ ಚಿತ್ರಮಂದಿರದಲ್ಲಿ ತೆರೆಕಂಡದ್ದು 1931ರ ಮೇ 11ರಂದು. ಮುಂಬೈಯಲ್ಲಿ ನಮ್ಮ ದೇಶದ ಮೊದಲ ಟಾಕಿ ‘ಆಲಂ ಆರಾ’ ಬಿಡುಗಡೆಯಾದದ್ದು ಅದೇ ವರ್ಷ ಮಾರ್ಚ್ 14ಕ್ಕೆ. ನಡುವೆ ಎರಡು ತಿಂಗಳೂ ಇಲ್ಲ. ಮಾತಿನ ಸಿನಿಮಾ ಎಲ್ಲ ಕಡೆ ಹೊಸ ಆಟಿಕೆ. ಸದ್ದು ಸಿಕ್ಕಿದೆ ಅಂದಮೇಲೆ ಬಿಡುವವರು ಯಾರು? ನಮ್ಮವರು ಏಳು ಹಾಡು ತುಂಬಿದರು, ಹಾಲಿವುಡ್‌ನವರು ಬಾಯಿ ಮುಚ್ಚದ ಹಾಗೆ ಮಾತಾಡಿಸಿದರು. ಅಲ್ಲಿಯವರೆಗೆ ಮೂಕಿ ಚಿತ್ರಗಳಲ್ಲೇ ಹೆಸರು ಮಾಡಿದ್ದ ಲ್ಯಾಂಗ್‌ಗೆ ಇದು ಮೊದಲ ಟಾಕಿ. ಆತ ಮಾಡಿದ್ದು ತದ್ವಿರುದ್ಧ. ಹಿನ್ನೆಲೆ ಸಂಗೀತ ಇಡೀ ಚಿತ್ರದಲ್ಲಿ ಇಲ್ಲವೇ ಇಲ್ಲ. ಸದ್ದನ್ನು ಬೇಕಾದ ಕಡೆ ಮಾತ್ರ, ಉಪ್ಪು ಹಾಕಿದ ಹಾಗೆ ಹಾಕಿದ. ಚಿತ್ರದ ಸುಮಾರು ಮೂರರಲ್ಲಿ ಒಂದು ಪಾಲನ್ನು ಸದ್ದೇ ಹಿಡಿಯದೆ, ಮೂಕಿ ಕಾಲದ ಹಾಗೆ ಚಿತ್ರೀಕರಿಸಿದ್ದಾರೆ.

ಇದರಲ್ಲಿ ಕಾಸಿನ ಲೆಕ್ಕವೂ ಇತ್ತು ಅನ್ನಿ. ಜರ್ಮನಿಯಲ್ಲಿ ಸದ್ದಿನ ಪೇಟೆಂಟೆಲ್ಲ ಟೋಬಿಸ್-ಕ್ಲಾಂಗ್‌ಫಿಲ್ಮ್ ಕೈಯಲ್ಲಿತ್ತು, ಅವರ ಯಂತ್ರಕ್ಕೂ ಲೈಸೆನ್ಸಿಗೂ ಹಣ ತೆರಬೇಕು. ನಿರ್ಮಾಪಕ ಸೆಮೂರ್ ನೆಬೆನ್‌ತ್ಸಾಲ್ ಅವರ ನೀರೋ-ಫಿಲ್ಮ್, ಆಗಿನ ದೊಡ್ಡ ಸಿನಿಮಾ ಕಂಪನಿ ಊಫಾದಷ್ಟು ದೊಡ್ಡ ಕುಳವಲ್ಲ. ಬಜೆಟ್ಟಿನ ಬಿಗಿಯನ್ನೇ ಕಲೆಯ ಬಿಗಿಯಾಗಿ ಬಳಸಿಕೊಂಡರು ಅನ್ನುವುದು ನನ್ನ ಓದು. ಬರೀ ದುಡ್ಡಿಲ್ಲದೆ ಸುಮ್ಮನಿದ್ದ ಜಾಗ ಯಾವುದು, ಬೇಕೆಂದೇ ಬಾಯಿ ಕಟ್ಟಿದ ಜಾಗ ಯಾವುದು ಅಂತ ಗೆರೆ ಎಳೆಯುವುದು ಕಷ್ಟ. ಆದರೆ ಅನುಮಾನಕ್ಕೆ ಎಡೆಯೇ ಇಲ್ಲದ ಒಂದು ಜಾಗ ಇದೆ. ಭಿಕ್ಷುಕರ ಅಡ್ಡೆಯಲ್ಲಿ ಒಂದು ತಿರುಗಣಿ ಪೆಟ್ಟಿಗೆ ವಾದ್ಯ ಅಪಸ್ವರವಾಗಿ ಒದರುತ್ತಿರುತ್ತದೆ. ಬಲೂನು ಮಾರುವ ಕುರುಡ ತಡೆಯಲಾರದೆ ಎರಡೂ ಕಿವಿ ಮುಚ್ಚಿಕೊಳ್ಳುತ್ತಾನೆ. ಸದ್ದು ಟಕ್ಕನೆ ನಿಲ್ಲುತ್ತದೆ. ಕೈ ತೆಗೆದರೆ ಸದ್ದು ಮತ್ತೆ ಹಾಜರ್. ಅಂದರೆ ಆ ಗಳಿಗೆ ನಾವು ಕೇಳುತ್ತಿರುವುದು ಕುರುಡನ ಕಿವಿಯಿಂದ. ನಿಮ್ಮ ಡಿಸ್ಕಿನಲ್ಲಿ ‘ಸದ್ದು ಹೋಗುವ’ ಜಾಗಗಳಲ್ಲಿ ಇದೂ ಒಂದಾಗಿದ್ದರೆ, ಆ ಕೈಗಳನ್ನು ಇನ್ನೊಮ್ಮೆ ನೋಡಿ.

ಡಿಸ್ಕ್ ನಿಜಕ್ಕೂ ಕೆಟ್ಟಿದೆಯೇ ಎಂದು ಪರೀಕ್ಷಿಸುವುದು ಸುಲಭ. ಡಿಸ್ಕಿನ ದೋಷವಾದರೆ ಸಾಮಾನ್ಯವಾಗಿ ಚಿತ್ರವೂ ಜೊತೆಗೆ ಒದ್ದಾಡುತ್ತದೆ, ಚೌಕಚೌಕವಾಗಿ ಒಡೆಯುತ್ತದೆ, ಇಲ್ಲವೇ ನಿಂತು ಹಾರುತ್ತದೆ. ಮಾತಿನ ನಡುವೆ, ಒಂದು ಪದದ ಅರ್ಧಕ್ಕೆ ಸದ್ದು ಕತ್ತರಿಸಿಹೋದರೆ ಅದೂ ದೋಷವೇ. ಹಾಗಲ್ಲದೆ ಒಂದು ಶಾಟ್ ಶುರುವಾಗುವಾಗ ಸದ್ದು ನಿಂತು, ಇನ್ನೊಂದು ಶಾಟ್ ಶುರುವಾಗುವಾಗ ಬಂದರೆ, ಎಷ್ಟು ಸಲ ಹಾಕಿದರೂ ಅಲ್ಲಲ್ಲೇ ಹಾಗಾದರೆ, ಅದು ಲ್ಯಾಂಗ್ ಕೆಲಸ. ಸೌಂಡ್‌ಬಾರ್ ಇದ್ದರೆ ಅದರ ನೈಟ್ ಮೋಡ್, ವಾಲ್ಯೂಮ್ ಲೆವೆಲರ್ ಎಲ್ಲ ಆಫ್ ಮಾಡಿ. ಸಣ್ಣ ಸದ್ದನ್ನು ಎತ್ತಿ ದೊಡ್ಡ ಸದ್ದನ್ನು ತಗ್ಗಿಸುವ ಆ ಉಪಕಾರದಿಂದ ಹಳೆ ಟ್ರ್ಯಾಕಿನ ಸರಸರ ಮೇಲೆದ್ದು ಕೂರುತ್ತದೆ. ಸರೌಂಡ್ ಕೂಡ ಬೇಡ. ಇದು ಮೋನೋ, ಒಂದೇ ಗಂಟಲು.

ಸದ್ದನ್ನು ಹೀಗೆ ಹಿಡಿದು ಬಿಟ್ಟು ಏನು ಸಾಧಿಸಿದರು ಅನ್ನುವುದಕ್ಕೆ ಮೊದಲ ಏಳೆಂಟು ನಿಮಿಷ ಸಾಕು. ಪರದೆ ಬೆಳಗುವ ಮೊದಲೇ ಮಗುವಿನ ದನಿ ಕೇಳುತ್ತದೆ. ವಠಾರದ ಅಂಗಳದಲ್ಲಿ ಮಕ್ಕಳು ವೃತ್ತವಾಗಿ ನಿಂತಿದ್ದಾರೆ. ನಮ್ಮಲ್ಲಿ ಅವಲಕ್ಕಿ ಪವಲಕ್ಕಿ ಎಂದು ಎಣಿಸುವ ಹಾಗೆ ನಡುವಿನ ಹುಡುಗಿ ಹಾಡಿಕೊಂಡು ಒಬ್ಬೊಬ್ಬರನ್ನೇ ಔಟ್ ಮಾಡುತ್ತಿದ್ದಾಳೆ. ಹಾಡಿನಲ್ಲಿ ಬರುವುದು ಮಾತ್ರ ಮಕ್ಕಳನ್ನು ಕಡಿಯುವ ಕರಿ ಮನುಷ್ಯ, ನಮ್ಮ ಗುಮ್ಮನ ಅಣ್ಣ. ಮೇಲಿನಿಂದ ಒಬ್ಬ ಹೆಂಗಸು ಗದರುತ್ತಾಳೆ, ಆ ಹಾಳು ಹಾಡು ಬೇಡ ಅಂದಿಲ್ವಾ ಅಂತ. ಆಕೆ ಮರೆಯಾದ ಕೂಡಲೇ ಹಾಡು ಮತ್ತೆ ಶುರು. ಬಟ್ಟೆ ಒಗೆಯುವ ಇನ್ನೊಬ್ಬ ಹೆಂಗಸು, ಎಲ್ಸಿ ಎಂಬ ಪುಟ್ಟ ಹುಡುಗಿಯ ತಾಯಿ, ಹೇಳುತ್ತಾಳೆ: ಹಾಡು ಕೇಳುವವರೆಗೆ ಮಕ್ಕಳು ಅಲ್ಲೇ ಇದ್ದಾರೆ ಅಂತಾದರೂ ಗೊತ್ತಾಗುತ್ತದಲ್ಲ.

ಅಲ್ಲಿಂದ ಮುಂದೆ ಲ್ಯಾಂಗ್ ಮಾಡುವುದು ಆ ಹಾಡನ್ನು ತೆಗೆದುಬಿಡುವುದು, ಅಷ್ಟೇ. ಗೋಡೆ ಗಡಿಯಾರ ಹನ್ನೆರಡು ಹೊಡೆಯುತ್ತದೆ. ತಾಯಿ ಕೈ ಒರೆಸಿಕೊಂಡು ಮೇಜಿನ ಮೇಲೆ ತಟ್ಟೆ ಇಡುತ್ತಾಳೆ. ಹೊರಗೆ ಎಲ್ಸಿ ಚೆಂಡು ಪುಟಿಸುತ್ತ ಬಂದು ಒಂದು ಕಂಬಕ್ಕೆ ಎಸೆಯುತ್ತಾಳೆ. ಕಂಬದ ಮೇಲೆ ಕೊಲೆಗಾರನನ್ನು ಹಿಡಿದುಕೊಟ್ಟವರಿಗೆ 10,000 ಮಾರ್ಕ್ ಬಹುಮಾನ ಅನ್ನುವ ಪೋಸ್ಟರ್. ಅದರ ಮೇಲೆ ಟೋಪಿ ಹಾಕಿದ ನೆರಳೊಂದು ಬಾಗುತ್ತದೆ. ಚೆಂಡು ಎಷ್ಟು ಚೆನ್ನಾಗಿದೆ, ನಿನ್ನ ಹೆಸರೇನು ಅಂತ ಕೇಳುತ್ತದೆ. ಮನೆಯಲ್ಲಿ ತಾಯಿ ಮೆಟ್ಟಿಲ ಬಾಯಿಗೆ ಬಂದು ಮಗಳನ್ನು ಕೂಗುತ್ತಾಳೆ. ಮುಂದಿನ ಶಾಟ್‌ಗಳಲ್ಲಿ ಅವಳ ದನಿ ಇದೆ, ಮನುಷ್ಯರು ಮಾತ್ರ ಎಲ್ಲೂ ಇಲ್ಲ. ಖಾಲಿ ಮೆಟ್ಟಿಲು, ಬಟ್ಟೆ ಒಣಹಾಕಿದ ಖಾಲಿ ಅಟ್ಟ, ಮೇಜಿನ ಮೇಲೆ ಮುಟ್ಟದ ತಟ್ಟೆ. ದನಿ ಪ್ರತಿ ಸಲ ದೂರವಾಗುತ್ತ ಹೋಗುತ್ತದೆ. ಆಮೇಲೆ ಅದೂ ಇಲ್ಲ. ಪೊದೆಯಿಂದ ಚೆಂಡು ಉರುಳಿ ಬಂದು ನಿಲ್ಲುತ್ತದೆ. ಕುರುಡನಿಂದ ಕೊಂಡ ಬಲೂನು ಟೆಲಿಗ್ರಾಫ್ ತಂತಿಗೆ ಸಿಕ್ಕಿ ಒದ್ದಾಡಿ ಹಾರಿಹೋಗುತ್ತದೆ.

ಇಷ್ಟೇ. ಕೊಲೆ ಕಾಣಲಿಲ್ಲ, ಕಿರುಚು ಕೇಳಲಿಲ್ಲ. ಮೊದಲ ಬಾರಿ ಬ್ಲೂ-ರೇಯಲ್ಲಿ ಇದನ್ನು ನೋಡಿದಾಗ ನಾನು ಅಲ್ಲಿಗೇ ನಿಲ್ಲಿಸಿ, ಎದ್ದು ಹೋಗಿ ಮುಂಬಾಗಿಲ ಚಿಲಕ ನೋಡಿ ಬಂದೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದ ಕಾಲ ಅದು.

ಕೊಲೆಗಾರ ಬೆಕರ್ಟ್‌ನ ಮುಖ ಸರಿಯಾಗಿ ಕಾಣುವ ಮೊದಲೇ ನಮಗೆ ಅವನ ಸಿಳ್ಳೆಯ ಗುರುತು ಹತ್ತಿರುತ್ತದೆ. ನಾರ್ವೆಯ ಸಂಗೀತಗಾರ ಗ್ರೀಗ್ ‘ಪೇರ್ ಗಿಂಟ್’ ನಾಟಕಕ್ಕೆ ಮಾಡಿದ ಒಂದು ಧಾಟಿ. ಪಾತ್ರ ಮಾಡಿದ ಪೀಟರ್ ಲೋರ್‌ಗೆ ಸಿಳ್ಳೆ ಹಾಕಲು ಬರುತ್ತಿರಲಿಲ್ಲ. ತಾನೇ ಹಾಕಿದೆ ಎಂದು ಲ್ಯಾಂಗ್ ಆಮೇಲೆ ಹೇಳಿಕೊಂಡಿದ್ದಾರೆ. ಶ್ರುತಿ ಅಷ್ಟಕ್ಕಷ್ಟೇ, ಆ ಪಾತ್ರಕ್ಕೆ ಅದೇ ಸರಿ. ನಮ್ಮ ಚಿತ್ರಮಂದಿರಗಳಲ್ಲಿ ಗಾಂಧಿ ಕ್ಲಾಸಿನವರು ಸಿಳ್ಳೆ ಹೊಡೆಯುವುದು ನಾಯಕ ಬಂದಾಗ. ಇಲ್ಲಿ ಸಿಳ್ಳೆ ಕೇಳಿದರೆ ಯಾವುದೋ ಮಗುವಿಗೆ ಗಂಡಾಂತರ. ಇಡೀ ಬರ್ಲಿನ್ ಪೊಲೀಸ್ ಇಲಾಖೆ ಬೆರಳಚ್ಚು ತೆಗೆದು, ನಕ್ಷೆಯ ಮೇಲೆ ಕೈವಾರದಲ್ಲಿ ವೃತ್ತ ಎಳೆದು ಹುಡುಕಿದರೂ ಸಿಗದವನನ್ನು ಹಿಡಿದುಕೊಡುವುದು ಕಣ್ಣಿಲ್ಲದ ಬಲೂನಿನವನ ಕಿವಿ. ಸಂಗೀತ ಯಾಕಿಲ್ಲ ಅನ್ನುವುದು ಇಲ್ಲಿ ಹೊಳೆಯುತ್ತದೆ. ಪಿಟೀಲುಗಳು ಹಿಂದೆ ಕೊಯ್ಯುತ್ತಿದ್ದರೆ ಆ ಒಂದು ಸಿಳ್ಳೆ ಯಾರಿಗೆ ಕೇಳುತ್ತಿತ್ತು?

ಈಗ ಚೌಕದ ಆಕಾರಕ್ಕೆ ಬರೋಣ. 35 ಮಿ.ಮೀ. ಫಿಲ್ಮಿನಲ್ಲಿ ಎರಡೂ ಅಂಚಿನ ತೂತುಗಳ ನಡುವೆ ಚಿತ್ರಕ್ಕೆ ಸಿಗುವುದು ಸುಮಾರು 24 ಮಿ.ಮೀ. ಅಗಲ, 18 ಮಿ.ಮೀ. ಎತ್ತರ. ಮೂಕಿ ಚಿತ್ರಗಳು ಅದನ್ನೆಲ್ಲ ಬಳಸುತ್ತಿದ್ದವು, ಆಕಾರ 1.33, ಅಂದರೆ ಅಗಲ ಎತ್ತರದ 1.33 ಪಟ್ಟು. ಸದ್ದು ಬಂದಾಗ ಅದನ್ನೂ ಅದೇ ಫಿಲ್ಮಿನ ಮೇಲೆ ಒಂದು ಪಟ್ಟಿಯಾಗಿ ಅಚ್ಚುಹಾಕಬೇಕಾಯಿತು. ಮನೆಯಲ್ಲಿ ಹೊಸ ಬಾಡಿಗೆದಾರ ಬಂದ ಹಾಗೆ. ಒಂದು ಪಕ್ಕದಿಂದ ಎರಡೂವರೆ ಮಿ.ಮೀ.ಗೆ ತುಸು ಹೆಚ್ಚು ಜಾಗ ಹೋಯಿತು, ಎತ್ತರ ಇದ್ದಷ್ಟೇ ಇತ್ತು. ಉಳಿದದ್ದು 1.19, ಅಂದರೆ ಹೆಚ್ಚುಕಡಿಮೆ ಚೌಕ. 1932ರಲ್ಲಿ ಹಾಲಿವುಡ್ ಎತ್ತರವನ್ನೂ ಕುಗ್ಗಿಸಿ 1.37ಕ್ಕೆ ಗೊತ್ತುಮಾಡಿತು, ಆಮೇಲೆ ಲೋಕವೆಲ್ಲ ಅದನ್ನೇ ಹಿಡಿಯಿತು. ಹಾಗಾಗಿ ಈ ಚೌಕದ ಆಕಾರ ಬದುಕಿದ್ದು ನಾಲ್ಕೈದು ವರ್ಷ ಮಾತ್ರ, ‘ಎಂ’ ಹುಟ್ಟಿದ್ದು ಆ ಕಿರಿದಾದ ಅವಧಿಯಲ್ಲಿ.

ತೊಂದರೆ ಆದದ್ದು ಮುಂದಿನ ದಶಕಗಳಲ್ಲಿ. ಹೊಸ ಪ್ರತಿ ಅಚ್ಚುಹಾಕುವಾಗ, ಹೊಸ ಅಳತೆಯ ಕಿಂಡಿ ಹಾಕಿದ ಪ್ರೊಜೆಕ್ಟರಿನಲ್ಲಿ ತೋರಿಸುವಾಗ, ವಿಡಿಯೋಗೆ ಇಳಿಸುವಾಗ ಎಲ್ಲರೂ 1.37ರ ಚೌಕಟ್ಟಿಗೇ ತುರುಕಿದರು. ಎತ್ತರದಲ್ಲಿ ಸುಮಾರು ಎಂಟನೇ ಒಂದು ಪಾಲು ಹಾರಿಹೋಯಿತು. ನಾನು ಹೆಂಚಿನ ಹಾಲ್‌ನಲ್ಲಿ ನೋಡಿದ ಪ್ರತಿಯಲ್ಲಿ ಅರ್ಧ ಪೊಲೀಸರಿಗೆ ಟೋಪಿಯ ತುದಿಯೇ ಇರಲಿಲ್ಲ, ಕ್ಯಾಮೆರಾಮನ್ ಹೊಸಬ ಇರಬೇಕು ಅಂದುಕೊಂಡಿದ್ದೆ. ಕ್ಯಾಮೆರಾಮನ್ ಫ್ರಿಟ್ಜ್ ಆರ್ನೋ ವಾಗ್ನರ್! ‘ನೊಸ್ಫೆರಾಟು’ದಂಥ ಹೆಸರಾಂತ ಮೂಕಿ ಚಿತ್ರ ತೆಗೆದವರು! ಇವತ್ತಿಗೂ ನೆನೆದರೆ ಕಿವಿ ಬಿಸಿಯಾಗುತ್ತದೆ.

ನಿಮ್ಮ ಟಿವಿಯ ಲೆಕ್ಕದಲ್ಲಿ ಹೇಳುವುದಾದರೆ, 1920 ಚುಕ್ಕಿ ಅಗಲದ ಪರದೆಯಲ್ಲಿ ಈ ಚಿತ್ರಕ್ಕೆ ಬೇಕಾಗುವುದು 1285 ಚುಕ್ಕಿಯಷ್ಟೇ. ಮಿಕ್ಕಿದ್ದು ಎರಡೂ ಪಕ್ಕ ಕಪ್ಪು. ಆ ಕಪ್ಪು ಡಿಸ್ಕಿನಲ್ಲೇ ಇರುತ್ತದೆ, ಟಿವಿಯನ್ನು 16:9 ಅಥವಾ ಜಸ್ಟ್ ಸ್ಕ್ಯಾನ್‌ನಲ್ಲಿ ಬಿಟ್ಟು ರಿಮೋಟನ್ನು ಕೆಳಗಿಡಿ. ದುಡ್ಡು ಕೊಟ್ಟ ಪರದೆ ವ್ಯರ್ಥವಾಗುತ್ತಿದೆ ಅನ್ನಿಸಿ ಝೂಮ್ ಒತ್ತಿದರೆ ಮೂರರಲ್ಲಿ ಒಂದು ಪಾಲು ಚಿತ್ರ ಮೇಲೂ ಕೆಳಗೂ ಕತ್ತರಿಸಿಹೋಗುತ್ತದೆ. ಬೆಕರ್ಟ್ ಕನ್ನಡಿಯಲ್ಲಿ ಹೊರಳಿ ಬೆನ್ನಟ್ಟುವವರು ಗುರುತಿಗೆಂದು ತನ್ನ ಹೆಗಲ ಮೇಲೆ ಒತ್ತಿದ ಸುಣ್ಣದ ‘ಎಂ’ ಅಕ್ಷರ ನೋಡುವ ಶಾಟ್ ಇದೆಯಲ್ಲ, ಹಣೆ, ಕಣ್ಣು, ಹೆಗಲು ಮೂರೂ ಒಂದೇ ಚೌಕದೊಳಗೆ ಇದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ.

ನಿಮಿಷಗಳ ಲೆಕ್ಕ ಸ್ವಲ್ಪ ಗೋಜಲು. 117 ನಿಮಿಷ ಅನ್ನುವುದು 1931ರ ಮೊದಲ ಪ್ರದರ್ಶನದ ಉದ್ದ. ಅಷ್ಟು ಉದ್ದದ ಪ್ರತಿ ಇವತ್ತು ಎಲ್ಲೂ ಉಳಿದಿಲ್ಲ. ಮೂಲ ಕ್ಯಾಮೆರಾ ನೆಗೆಟಿವ್ ಪೂರ್ತಿ ಇಲ್ಲ. ಅದರಲ್ಲಿ ಉಳಿದ ಭಾಗ ಜರ್ಮನಿಯ ಸರ್ಕಾರಿ ದಫ್ತರಖಾನೆ ಬುಂಡೆಸ್ಆರ್ಕೀವ್‌ನಲ್ಲಿದೆ. ಈ ಶತಮಾನದ ಶುರುವಿನಲ್ಲಿ ನೆದರ್ಲೆಂಡ್ಸ್ ಫಿಲ್ಮ್ ಮ್ಯೂಸಿಯಂ ಮುಂದೆ ನಿಂತು, ಸ್ವಿಟ್ಜರ್ಲೆಂಡಿನ ಆರ್ಕೈವ್‌ನವರನ್ನೂ ಜೊತೆಗೆ ಸೇರಿಸಿಕೊಂಡು, ಒಂದೊಂದು ಕಡೆ ಉಳಿದದ್ದನ್ನು ಹೊಲಿದು 110 ನಿಮಿಷದಷ್ಟು ಒಟ್ಟುಮಾಡಿದರು. ನಿಮ್ಮ ಕೈಲಿರುವ ಡಿಸ್ಕಿನ ಹಿಂದೆ ಇರುವುದು ಆ ಕೆಲಸ. ಏಳು ನಿಮಿಷ ಹೋಯಿತಲ್ಲ ಎಂದು ಕೊರಗುವಾಗ ಒಂದು ಮಾತು ನೆನಪಿರಲಿ. ಅದೇ ವರ್ಷದ ‘ಆಲಂ ಆರಾ’ದ ಒಂದು ಅಡಿ ಫಿಲ್ಮೂ ಉಳಿದಿಲ್ಲ. ಕನ್ನಡದ ಮೊದಲ ಟಾಕಿ, 1934ರ ‘ಸತಿ ಸುಲೋಚನ’ವೂ ಇಲ್ಲ. ನಮಗೆ ಉಳಿದಿರುವುದು ಫೋಟೋ, ಜಾಹೀರಾತು, ನೋಡಿದವರ ನೆನಪು. ನೂರಾ ಹದಿನೇಳರಲ್ಲಿ ನೂರಾ ಹತ್ತು ಸಿಕ್ಕಿದವರನ್ನು ಕಂಡರೆ ನನಗಂತೂ ಹೊಟ್ಟೆಕಿಚ್ಚು.

ಇನ್ನು 99 ನಿಮಿಷದ್ದು. ಈ ಚಿತ್ರಕ್ಕೆ ಕತ್ತರಿ ಹಾಕಿದವರು ಒಬ್ಬಿಬ್ಬರಲ್ಲ. 1934ರಲ್ಲಿ ನಾಜಿಗಳು ಇದನ್ನು ನಿಷೇಧಿಸಿದರು. ಅಷ್ಟಕ್ಕೇ ಬಿಡದೆ 1940ರಲ್ಲಿ ಯಹೂದಿಗಳ ವಿರುದ್ಧ ಮಾಡಿದ ಒಂದು ಪ್ರಚಾರ ಚಿತ್ರದಲ್ಲಿ, ಲೋರ್ ಯಹೂದಿ ಅನ್ನುವ ಕಾರಣಕ್ಕೆ, ಅವರ ತಪ್ಪೊಪ್ಪಿಗೆಯ ದೃಶ್ಯದ ತುಣುಕನ್ನು ಕಿತ್ತು ಸೇರಿಸಿದರು. ಲೋರ್ ಅಷ್ಟು ಹೊತ್ತಿಗೆ ದೇಶ ಬಿಟ್ಟು ವರ್ಷಗಳಾಗಿದ್ದವು. ಯುದ್ಧದ ನಂತರ, 1960ರ ಸುಮಾರಿಗೆ, ಜರ್ಮನಿಯಲ್ಲಿ ಚಿತ್ರವನ್ನು ಮರುಬಿಡುಗಡೆ ಮಾಡಿದವರ ಉದ್ದೇಶ ಒಳ್ಳೆಯದೇ. ಆದರೆ ಅವರಿಗೂ ನಿಮ್ಮ ಹಾಗೆ, ನಮ್ಮ ಪ್ರೊಜೆಕ್ಟರ್ ಹಿರಿಯರ ಹಾಗೆ, ಸದ್ದಿಲ್ಲದ ಜಾಗ ಕಂಡು ಕೈ ತುರಿಸಿತು. ಬೀದಿಯ ಗದ್ದಲ, ಹೆಜ್ಜೆ ಸದ್ದು ಹೊಸದಾಗಿ ಹಾಕಿ ಮೌನವನ್ನು ತೇಪೆ ಹಾಕಿ ಮುಚ್ಚಿದರು. ನಿಮ್ಮ ಫುಟ್‌ಪಾತ್ ಡಿವಿಡಿ ಅಂಥ ಯಾವುದೋ ಪ್ರತಿಯ ಮೊಮ್ಮಗು ಇರಬೇಕು, ಸದ್ದು ಎಲ್ಲೂ ನಿಲ್ಲದಿರುವುದೇ ಅದರ ಗುರುತು.

ಇನ್ನೊಂದು ಗುರುತು ಕೊನೆಯಲ್ಲಿದೆ. ಹಾಳುಬಿದ್ದ ಸಾರಾಯಿ ಕಾರ್ಖಾನೆಯ ನೆಲಮಾಳಿಗೆಯಲ್ಲಿ ಕಳ್ಳಕಾಕರು ಕೂಡಿ ಬೆಕರ್ಟ್‌ನ ವಿಚಾರಣೆ ನಡೆಸುತ್ತಾರೆ. ಗುಸ್ಟಾಫ್ ಗ್ರುಂಡ್‌ಗೆನ್ಸ್ ಮಾಡಿದ ಕಳ್ಳರ ನಾಯಕ ಶ್ರೆಂಕರ್ ಚರ್ಮದ ಕೋಟು ತೊಟ್ಟು ನ್ಯಾಯಾಧೀಶನಾಗಿ ಕೂತಿರುತ್ತಾನೆ. ಬೆಕರ್ಟ್ ಮೊಣಕಾಲೂರಿ ಅರಚುತ್ತಾನೆ, ನನಗೆ ಬೇಡ ಅಂದರೂ ಮಾಡಲೇಬೇಕಾಗುತ್ತದೆ, ನನ್ನೊಳಗೆ ಏನಾಗುತ್ತಿದೆ ಅಂತ ಯಾರಿಗೆ ಗೊತ್ತು ಅಂತ. ಪೊಲೀಸರ ಕೈ ಅವನ ಹೆಗಲ ಮೇಲೆ ಬೀಳುತ್ತದೆ. ಕತ್ತರಿಸಿದ ಪ್ರತಿಗಳು ಅಲ್ಲಿಗೇ ಮುಗಿಯುತ್ತವೆ, ಪೊಲೀಸರು ಬಂದರು, ಶುಭಂ. ನಿಮ್ಮ ಬ್ಲೂ-ರೇಯಲ್ಲಿ ಅದಾದಮೇಲೆ ನಿಜವಾದ ಕೋರ್ಟು ಒಂದು ಗಳಿಗೆ ಬಂದು ಹೋಗುತ್ತದೆ. ತೀರ್ಪು ಏನು ಅಂತ ಹೇಳುವುದಿಲ್ಲ. ಕಪ್ಪು ಬಟ್ಟೆಯ ಮೂವರು ತಾಯಂದಿರು ಬೆಂಚಿನ ಮೇಲೆ ಕೂತಿದ್ದಾರೆ. ಇದರಿಂದ ನಮ್ಮ ಮಕ್ಕಳು ತಿರುಗಿ ಬರುವುದಿಲ್ಲ ಅನ್ನುತ್ತಾಳೆ ಎಲ್ಸಿಯ ತಾಯಿ. ಗಲ್ಲು ಬೇಕು ಅನ್ನುವವರೂ ಬೇಡ ಅನ್ನುವವರೂ ಆ ಕೊನೆಯನ್ನು ತಮ್ಮ ಕಡೆಗೆ ಎಳೆದುಕೊಂಡಿದ್ದಾರೆ. ಕತ್ತರಿಸಿದ ಪ್ರತಿಯಲ್ಲಿ ಆ ಜಗಳಕ್ಕೇ ಆಸ್ಪದವಿಲ್ಲ.

ನಾಳೆ ಯಾರಾದರೂ ನಿಮಗೆ 105 ನಿಮಿಷದ ಯುರೋಪಿನ ಡಿವಿಡಿ ತೋರಿಸಿದರೆ ಅದನ್ನೂ ಕತ್ತರಿಸಿದ್ದು ಎಂದು ತಳ್ಳಬೇಡಿ. ಸಿನಿಮಾ ಓಡುವುದು ಸೆಕೆಂಡಿಗೆ 24 ಚೌಕಟ್ಟು. ಯುರೋಪಿನ ಪಾಲ್ (PAL) ಎಂಬ ಟಿವಿ ಪದ್ಧತಿಯ ಡಿವಿಡಿಯಲ್ಲಿ 25 ಓಡಿಸುತ್ತಾರೆ. 110 ನಿಮಿಷದ್ದು ಒಂದು ಚೌಕಟ್ಟೂ ಬಿಡದೆ 105 ದಾಟುವಷ್ಟರಲ್ಲಿ ಮುಗಿಯುತ್ತದೆ. ಎಲ್ಲರೂ ಬೆನ್ನಿಗೆ ಯಾರೋ ಬಿದ್ದ ಹಾಗೆ ತುಸು ಬೇಗ ನಡೆಯುತ್ತಾರೆ, ಸಿಳ್ಳೆಯ ಶ್ರುತಿ ಹಾರ್ಮೋನಿಯಂನ ಒಂದು ಮನೆಗೆ ಚೂರು ಕಡಿಮೆ ಏರುತ್ತದೆ. ಬ್ಲೂ-ರೇಗೆ ಈ ಕಾಯಿಲೆ ಇಲ್ಲ.

ನಿಮ್ಮ ಪ್ಲೇಯರ್‌ನಲ್ಲಿ ಓಡದ್ದಕ್ಕೆ ಕಾರಣ ಪ್ರಾಂತ್ಯದ ಬೀಗ. ಬ್ಲೂ-ರೇ ಮಟ್ಟಿಗೆ ಅಮೆರಿಕ ಎ ಪ್ರಾಂತ್ಯ, ಯುರೋಪು ಬಿ, ನಾವು ಸಿ. ಡಿವಿಡಿ ಲೆಕ್ಕದಲ್ಲಿ ಅಮೆರಿಕ 1, ಭಾರತ 5. ಅಮೆರಿಕದ ಕ್ರೈಟೀರಿಯನ್ 2010ರಲ್ಲಿ ತಂದ ಬ್ಲೂ-ರೇ ಎ ಬೀಗದ್ದು. ಅದೇ ವರ್ಷ ಬ್ರಿಟನ್ನಿನ ಯುರೇಕಾ ತನ್ನ ಮಾಸ್ಟರ್ಸ್ ಆಫ್ ಸಿನಿಮಾ ಸಾಲಿನಲ್ಲಿ ತಂದದ್ದು ಬಿ. ಇಲ್ಲಿ ಮಾರುವ ಸಾಮಾನ್ಯ ಪ್ಲೇಯರ್ ಎರಡನ್ನೂ ಒಪ್ಪುವುದಿಲ್ಲ. ರೀಜನ್-ಫ್ರೀ ಪ್ಲೇಯರ್ ಕೊಳ್ಳುವುದೊಂದೇ ದಾರಿ. ಕೊಳ್ಳುವಾಗ ‘ಡಿವಿಡಿಗೆ ಮಾತ್ರವೋ, ಬ್ಲೂ-ರೇಗೂ ಫ್ರೀಯೋ’ ಅಂತ ಬಾಯಿಬಿಟ್ಟು ಕೇಳಿ. ಒಮ್ಮೆ ನಾನು ಕೇಳದೆ ತಂದು, ಮಾರಿದವರು ವಾಪಸ್ ತಗೊಳ್ಳದೆ, ಈಗ ಅದರಲ್ಲಿ ಹೆಂಡತಿ ಭಜನೆ ಡಿವಿಡಿ ಹಾಕುತ್ತಾಳೆ.

ಎರಡರಲ್ಲಿ ಯಾವುದು ಮೇಲು ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ, ಎರಡೂ ಸರಿಯಾದ ಆಕಾರ, ಸರಿಯಾದ ಮೌನ ಇಟ್ಟುಕೊಂಡಿವೆ. ಎರಡರಲ್ಲೂ ಒಂದು ವಿಚಿತ್ರ ಉಡುಗೊರೆ ಇದೆ, 1932ರ ಇಂಗ್ಲಿಷ್ ‘ಎಂ’. ಡಬ್ಬಿಂಗ್ ಇನ್ನೂ ಕುಂಟುತ್ತಿದ್ದ ಆ ಕಾಲದಲ್ಲಿ ಒಂದೇ ಚಿತ್ರವನ್ನು ಎರಡು ಮೂರು ಭಾಷೆಯಲ್ಲಿ ಮಾಡುತ್ತಿದ್ದರು. 1930ರ ‘ದ ಬ್ಲೂ ಏಂಜೆಲ್’ ಕೂಡ ಜರ್ಮನ್, ಇಂಗ್ಲಿಷ್ ಎರಡರಲ್ಲೂ ತಯಾರಾಯಿತು. ‘ಎಂ’ನ ಇಂಗ್ಲಿಷ್ ಅವತಾರದಲ್ಲಿ ಲ್ಯಾಂಗ್ ಕೈ ಇಲ್ಲ, ಕೆಲವು ದೃಶ್ಯ ಬೇರೆ ನಟರನ್ನಿಟ್ಟು ಮತ್ತೆ ತೆಗೆದದ್ದು, ಮಿಕ್ಕಿದ್ದಕ್ಕೆ ದನಿ ಕೂರಿಸಿದ್ದು. ಆದರೆ ಲೋರ್ ತಪ್ಪೊಪ್ಪಿಗೆಯನ್ನು ತಾವೇ ಇಂಗ್ಲಿಷಿನಲ್ಲಿ ಮಾಡಿದ್ದಾರೆ. ಒಮ್ಮೆ ನೋಡಿ, ಮುಗಿಸಿ. ಕ್ರೈಟೀರಿಯನ್ ಡಿಸ್ಕಿನಲ್ಲಿ ಈ ಚಿತ್ರದ ಪ್ರತಿಗಳ ಪಾಡನ್ನೇ ಹೇಳುವ ಒಂದು ಪುಟ್ಟ ಸಾಕ್ಷ್ಯಚಿತ್ರವಿದೆ, ನಾನು ಇಲ್ಲಿ ಒಣಗಂಟಲಲ್ಲಿ ಹೇಳಿದ್ದನ್ನು ಅದು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ತೋರಿಸುತ್ತದೆ.

ನೀವು ಬೆಳಗಾವಿಯವರು ಅಂದದ್ದಕ್ಕೆ ಒಂದು ಅಡ್ಡಮಾತು. ‘ಎಂ’ನ ಚಿತ್ರಕಥೆ ಲ್ಯಾಂಗ್ ಒಬ್ಬರದ್ದಲ್ಲ, ಆಗ ಅವರ ಹೆಂಡತಿಯಾಗಿದ್ದ ತೇಯಾ ಫೊನ್ ಹಾರ್ಬೌ ಜೊತೆ ಸೇರಿ ಬರೆದದ್ದು. 1933ರಲ್ಲಿ ಇಬ್ಬರೂ ಬೇರೆಯಾದರು. ಲ್ಯಾಂಗ್ ದೇಶ ಬಿಟ್ಟರು, ತೇಯಾ ಅಲ್ಲೇ ಉಳಿದು ನಾಜಿ ಸರ್ಕಾರದ ಕಾಲದಲ್ಲೂ ಸಿನಿಮಾ ಬರೆದರು. ಆಮೇಲೆ ಅವರು ಗುಟ್ಟಾಗಿ ಮದುವೆಯಾದದ್ದು ಜರ್ಮನಿಗೆ ಓದಲು ಹೋಗಿದ್ದ ಆಯಿ ತೆಂಡೂಲ್ಕರ್ ಅವರನ್ನು. ವಯಸ್ಸಿನಲ್ಲಿ ತೇಯಾಗಿಂತ ಬಹಳ ಚಿಕ್ಕವರು, ನಿಮ್ಮ ಬೆಳಗಾವಿ ಕಡೆಯವರೇ. ಊರಿಗೆ ಮರಳಿದ ಮೇಲೆ ತೆಂಡೂಲ್ಕರ್ ಪತ್ರಿಕೆ ನಡೆಸಿ, ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಸೇರಿ, ಇಂದುಮತಿ ಗುಣಾಜಿ ಅವರನ್ನು ಮದುವೆಯಾದರು. ಆ ಮಗುವಿನ ತಟ್ಟೆ, ಆ ಬಲೂನು, ಆ ತಾಯಂದಿರು ಕಾಗದದ ಮೇಲೆ ಮೂಡಿದ ಮನೆಗೂ ನಿಮ್ಮ ಊರಿಗೂ ನಡುವೆ ಹೀಗೊಂದು ಎಳೆ ಇದೆ.

ಮತ್ತೊಮ್ಮೆ ಹಾಕುವಾಗ ರಾತ್ರಿ ಹಾಕಿ, ಸೀಲಿಂಗ್ ಫ್ಯಾನ್ ಆಫ್ ಮಾಡಿ. ವಾಲ್ಯೂಮನ್ನು ತಾಯಿ ಕೂಗುವ ಜಾಗಕ್ಕೆ ಸರಿಹೊಂದಿಸಿ, ಆಮೇಲೆ ಮುಟ್ಟಬೇಡಿ. ಹಳೆಯ ಡಿವಿಡಿಯನ್ನು ಎಸೆಯುವ ಮೊದಲು ಅದರಲ್ಲೂ ಪೊಲೀಸರು ಬೀದಿಗೆ ಬರುವ ಆ ಜಾಗ ತೆಗೆದು ಕಿವಿಗೊಡಿ. ಬೂಟಿನ ಸದ್ದು ಕೇಳಿದರೆ, ಆ ಬೂಟುಗಳು ಬರ್ಲಿನ್ನಿಗೆ ಬಂದದ್ದು ಮೂವತ್ತು ವರ್ಷ ತಡವಾಗಿ.